ಹೋಗುವ ಗುರು, ಬರುವ ಗುರು, ನಡುವೆ ಉಪದೇಶಿ

ಚಾಮರಾಜನಗರದಿಂದ ಕೊಳ್ಳೇಗಾಲದ ರಸ್ತೆ ಹಿಡಿದರೆ ಯಳಂದೂರಿಗೆ ಮೊದಲು ಸಿಗುವ ದೊಡ್ಡ ಊರು ಸಂತೆಮರಹಳ್ಳಿ. ಹೋಬಳಿ ಕೇಂದ್ರ, ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯ ಊರು, ಸುತ್ತಲಿನ ಹಳ್ಳಿಯವರು ಬಸ್ಸು ಬದಲಿಸುವ ಜಾಗ. ಈ ಸೀಮೆಯ ಕಥೋಲಿಕರಿಗೆ ಗುರು ಯಾರಾಗಬೇಕು ಎಂಬುದು ತೀರ್ಮಾನವಾಗುವುದು ಮೈಸೂರಿನ ಧರ್ಮಾಧ್ಯಕ್ಷರ ಬಳಿ. ದಕ್ಷಿಣ ಭಾರತ ಸಭೆಗೆ, ಅಂದರೆ ಜನರ ಬಾಯಲ್ಲಿ ಸಿಎಸ್‌ಐಗೆ ಸೇರಿದವರ ಸಭಾಪಾಲಕರು ಯಾರೆಂಬುದು ಇನ್ನೂ ದೂರದಲ್ಲಿ, ಘಟ್ಟದ ಕೆಳಗಿನ ಮಂಗಳೂರಿನಲ್ಲಿ ನಿರ್ಧಾರವಾಗುತ್ತದೆ. ಕರ್ನಾಟಕ ದಕ್ಷಿಣ ಸಭಾಪ್ರಾಂತದ ಕೇಂದ್ರ ಇರುವುದು ಅಲ್ಲಿ. ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ವರ್ಗಾವಣೆಯ ಪಟ್ಟಿ ಬರುವುದು ಎರಡೂ ಕಡೆ ರೂಢಿ. ಪಟ್ಟಿಯಲ್ಲಿ ತಮ್ಮ ಊರಿನ ಹೆಸರಿದ್ದರೆ ಒಂದು ಮನೆಯ ಸಾಮಾನು ಲಾರಿಗೇರುತ್ತದೆ, ಇನ್ನೊಂದು ಮನೆಯದು ಇಳಿಯುತ್ತದೆ.

ಈ ಬದಲಾವಣೆಯಲ್ಲಿ ಕೈಯಿಂದ ಕೈಗೆ ದಾಟುವುದೇನು ಎಂದು ನೋಡಿದರೆ, ಮೊದಲು ಕಾಣುವುದು ಪುಸ್ತಕಗಳು. ಜ್ಞಾನಸ್ನಾನದ ದಾಖಲೆ, ಮದುವೆಯ ದಾಖಲೆ, ಮರಣದ ದಾಖಲೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 535ನೇ ವಿಧಿ ಪ್ರತಿ ಧರ್ಮಕೇಂದ್ರದಲ್ಲೂ ಈ ಪುಸ್ತಕಗಳು ಇರಲೇಬೇಕೆನ್ನುತ್ತದೆ. ಆಸ್ತಿಯ ಹೊಣೆ ಹೊರುವವರು ಕೆಲಸ ಶುರು ಮಾಡುವ ಮುನ್ನ ಸ್ಥಿರ ಚರ ವಸ್ತುಗಳ ಸರಿಯಾದ ಪಟ್ಟಿ ಮಾಡಿ ಸಹಿ ಹಾಕಬೇಕು ಎನ್ನುವುದು 1283ನೇ ವಿಧಿ. ಗುರು ಕಾಯಿಲೆ ಬಿದ್ದರೆ ಅಥವಾ ತೀರಿಕೊಂಡರೆ ಪುಸ್ತಕ, ಕಾಗದಪತ್ರ, ಪೂಜಾಪಾತ್ರೆಗಳು ಕಳೆದುಹೋಗದಂತೆ ನೋಡಿಕೊಳ್ಳುವ ಕೆಲಸವನ್ನು ಆ ವಲಯದ ಹಿರಿಯ ಗುರುವಿಗೆ 555ನೇ ವಿಧಿ ವಹಿಸುತ್ತದೆ. ಓದುವವರಿಗೆ ಇವು ಒಣ ನಿಯಮಗಳಂತೆ ಕಾಣಬಹುದು. ಆದರೆ ಅಜ್ಜಿಯ ಹುಟ್ಟಿದ ತಾರೀಕು ಬೇರೆಲ್ಲೂ ಸಿಗದೆ ಕೊನೆಗೆ ಗುಡಿಯ ಹಳೆಯ ಪುಸ್ತಕದಲ್ಲಿ ಸಿಕ್ಕ ಮನೆಯವರಿಗೆ ಅವುಗಳ ಬೆಲೆ ಗೊತ್ತಿರುತ್ತದೆ. ಬರೆದ ಗುರುವಿನ ಹೆಸರು ಮರೆತುಹೋಗಿರುತ್ತದೆ, ಬರೆದ ಸಾಲು ಉಳಿದಿರುತ್ತದೆ.

ಆದರೂ ಒಂದು ಸಭೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಪ್ಪಿಸುವುದು ಬೀಗದ ಕೈ, ಪುಸ್ತಕಗಳ ಮಾತು ಮಾತ್ರವಾಗಿದ್ದರೆ ಅದಕ್ಕೊಂದು ಚರಿತ್ರೆ ಬೇಕಿರಲಿಲ್ಲ. ಹಳೆಯ ಮೈಸೂರು ಸೀಮೆಯ ಕ್ರೈಸ್ತರು ಮೂರೂವರೆ ಶತಮಾನಗಳಲ್ಲಿ ಗುರುಗಳನ್ನು ಪಡೆದದ್ದಕ್ಕಿಂತ ಕಳೆದುಕೊಂಡ ಪ್ರಸಂಗಗಳೇ ಹೆಚ್ಚು ಮಹತ್ವದವು. ಬಂದವರ ಹೆಸರು ಪುಸ್ತಕಗಳಲ್ಲಿದೆ. ಅವರು ಇಲ್ಲದಾಗ ಸಭೆಯನ್ನು ಹಿಡಿದು ನಿಲ್ಲಿಸಿದವರ ಹೆಸರು ಹೆಚ್ಚಾಗಿ ಎಲ್ಲೂ ಇಲ್ಲ.

ಮೊದಲು ಬಂದವರು ಯೇಸುಸಭೆಯ ಗುರುಗಳು. ಇಟಲಿಯ ಲಿಯೊನಾರ್ಡೊ ಚಿನ್ನಾಮಿ 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಕನ್ನಡ ಕಲಿತರು, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕ ಬರೆದರು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ದಾರಿಯಲ್ಲಿ ಸನ್ಯಾಸಿಯ ಉಡುಪಿನಲ್ಲಿ ನಡೆದರು. ಅವರ ನಂತರ ಒಬ್ಬರಾದ ಮೇಲೊಬ್ಬರು ಬಂದ ಗುರುಗಳ ಸರಣಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1773ರ ಜುಲೈ 21ರಂದು ಪೋಪ್ ಹದಿನಾಲ್ಕನೆಯ ಕ್ಲೆಮೆಂಟ್ ಯೇಸುಸಭೆಯನ್ನೇ ವಿಸರ್ಜಿಸಿದರು. ರೋಮಿನಲ್ಲಿ ಬಿದ್ದ ಒಂದು ಸಹಿ ಕಾವೇರಿ ತೀರದ ಹಳ್ಳಿಗಳ ಗುರುಗಳ ಬೇರನ್ನು ಕತ್ತರಿಸಿತು. ಇದ್ದವರು ಮುದುಕರಾದರು, ತೀರಿಕೊಂಡರು. ಅವರ ಜಾಗಕ್ಕೆ ಅದೇ ಸಂಘದಿಂದ ಇನ್ನೊಬ್ಬರು ಬರುವ ದಾರಿ ಮುಚ್ಚಿತ್ತು. 1776ರಲ್ಲಿ ದಕ್ಷಿಣದ ಈ ಮಿಷನ್‌ಗಳ ಹೊಣೆ ಫ್ರಾನ್ಸಿನ ಪ್ಯಾರಿಸ್ ವಿದೇಶಿ ಮಿಷನ್ ಸಂಘಕ್ಕೆ ಬಂತು. ಹೊಣೆ ಕಾಗದದ ಮೇಲೆ ದಾಟಿತಾದರೂ ಅದನ್ನು ಹೊರುವಷ್ಟು ಗುರುಗಳು ಇರಲಿಲ್ಲ. ಅದರ ಮೇಲೆ ಮೈಸೂರಿನ ಯುದ್ಧಗಳು. 1784ರಲ್ಲಿ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಗುರುಗಳಿಲ್ಲದ, ಗುಡಿಗಳಿಲ್ಲದ 15 ವರ್ಷಗಳು ಅವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ ಮಂದೆಯನ್ನು ಕೂಡಿಸಲು ಬಂದವರು ಅದೇ ಪ್ಯಾರಿಸ್ ಸಂಘದ ಗುರು ಅಬ್ಬೆ ದುಬುವಾ. ಅವರು ಭಾರತಕ್ಕೆ ಬಂದದ್ದು 1792ರಲ್ಲಿ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಓಡಾಡುತ್ತ ಊರವರಂತೆಯೇ ಉಟ್ಟು, ಊರವರಂತೆಯೇ ಉಂಡು ಬದುಕಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಭಾರತದ ಆಚಾರ ವಿಚಾರಗಳ ಮೇಲೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿತು. ಆ ಪುಸ್ತಕದಲ್ಲಿರುವ ತೀರ್ಪುಗಳನ್ನು ಇಂದು ಒಪ್ಪುವುದು ಕಷ್ಟ, ಅನೇಕ ಕಡೆ ಅವು ಕಠೋರವಾಗಿವೆ. ಆದರೆ ಗುರುವಾಗಿ ಅವರು ಮಾಡಿದ ಕೆಲಸ ಬೇರೆಯದೇ ಮಟ್ಟದ್ದು. ಸಿಡುಬಿಗೆ ದನದ ಸಿಡುಬಿನ ಲಸಿಕೆ ಹೊಸದಾಗಿ ಬಂದಿದ್ದ ಕಾಲದಲ್ಲಿ, 1803 ಮತ್ತು 1804ರ ನಡುವಿನ ಕೆಲವೇ ತಿಂಗಳಲ್ಲಿ, 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರೆಂದು ಲೆಕ್ಕವಿದೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ನೆಲೆ ಕಳೆದುಕೊಂಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ಊರು ಕಟ್ಟಿಸಿದರು.

ದುಬುವಾ 1823ರ ಜನವರಿಯಲ್ಲಿ ಭಾರತ ಬಿಟ್ಟರು. ಹಿಂತಿರುಗುವ ಹಡಗಿನ ಖರ್ಚನ್ನು ಕಂಪನಿಯೇ ಕೊಟ್ಟಿತು, ಪಿಂಚಣಿಯನ್ನೂ ನೀಡಿತು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ ಭಾರತದಲ್ಲಿ ಕ್ರೈಸ್ತ ಧರ್ಮ ಬೇರೂರುವ ಬಗ್ಗೆ ಅವರಿಗಿದ್ದ ನಿರಾಶೆ ತುಂಬಿದೆ. ಮೂರು ದಶಕ ದುಡಿದ ಮನುಷ್ಯ ಹೊರಡುವಾಗ ತನ್ನ ಕೆಲಸ ಉಳಿಯುವುದಿಲ್ಲ ಎಂದು ನಂಬಿ ಹೊರಟ. ಮುಂದೆ ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಗುರುಮಠದ ಮುಖ್ಯಸ್ಥರಾಗಿ, ಭಾರತಕ್ಕೆ ಹೊರಡುವ ಎಳೆಯ ಗುರುಗಳನ್ನು ತಯಾರು ಮಾಡುತ್ತ, 1848ರಲ್ಲಿ ತೀರಿಕೊಂಡರು. ಅವರ ನಿರಾಶೆಯನ್ನು ಮೈಸೂರು ಸೀಮೆ ಸುಳ್ಳು ಮಾಡಿತು. ದೊಡ್ಡ ಸ್ವಾಮಿಯವರು ಹೋದ ಮೇಲೂ ಸಾತಳ್ಳಿಯಲ್ಲಿ, ಶ್ರೀರಂಗಪಟ್ಟಣದ ಸುತ್ತ, ಮೈಸೂರಿನಲ್ಲಿ ಸಭೆಗಳು ಉಳಿದವು. ಉಳಿಸಿದವರು ಯಾರು?

ಇಲ್ಲಿ ಉಪದೇಶಿಯ ಮಾತು ಬರಬೇಕು. ಗುರು ವರ್ಷಕ್ಕೆ ಒಂದೆರಡು ಸಲ ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಬಂದು ಹೋಗುವ ಕಾಲದಲ್ಲಿ ಹಳ್ಳಿಯ ದಿನನಿತ್ಯದ ಧರ್ಮ ನಡೆದದ್ದು ಉಪದೇಶಿಯ ಕೈಯಲ್ಲಿ. ಮಕ್ಕಳಿಗೆ ಜಪ ಕಲಿಸುವುದು, ಭಾನುವಾರ ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುವುದು, ಕಾಯಿಲೆಯವರ ಮನೆಗೆ ಹೋಗುವುದು, ಹೆಣ ಮಣ್ಣು ಮಾಡುವಾಗ ಮುಂದೆ ನಿಲ್ಲುವುದು, ಗಂಡ ಹೆಂಡಿರ ಜಗಳ ಬಿಡಿಸುವುದು, ಮುಂದಿನ ಸಲ ಗುರು ಬಂದಾಗ ಯಾರಿಗೆ ಮದುವೆ, ಯಾರಿಗೆ ಜ್ಞಾನಸ್ನಾನ ಎಂದು ಪಟ್ಟಿ ಒಪ್ಪಿಸುವುದು. ಧರ್ಮಸಭೆಯ ಕಾನೂನು ಕೂಡ ಇಂಥ ಖಾಲಿ ಕಾಲಕ್ಕೆ ಜಾಗ ಬಿಟ್ಟಿತ್ತು. ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಗುರು ಒಂದು ತಿಂಗಳವರೆಗೆ ಬರಲಾರರೆಂದು ಕಂಡರೆ ಗಂಡು ಹೆಣ್ಣು ಇಬ್ಬರು ಸಾಕ್ಷಿಗಳ ಎದುರು ಮದುವೆಯಾಗಬಹುದು, ಆ ಮದುವೆ ಸಿಂಧು. ಇಂದಿನ ಸಂಹಿತೆಯ 861 ಮತ್ತು 1116ನೇ ವಿಧಿಗಳು ಹೇಳುವುದೂ ಇದನ್ನೇ. ಒಬ್ಬ ಗುರುವಿನಿಂದ ಇನ್ನೊಬ್ಬ ಗುರುವಿಗೆ ಸಭೆ ನೇರವಾಗಿ ಒಪ್ಪಿಸಲ್ಪಟ್ಟ ಪ್ರಸಂಗಗಳು ಆ ಕಾಲದಲ್ಲಿ ಅಪರೂಪ. ಹೋದವರು ಉಪದೇಶಿಗೆ ಒಪ್ಪಿಸಿ ಹೋದರು, ಬಂದವರು ಉಪದೇಶಿಯಿಂದ ಪಡೆದುಕೊಂಡರು. ನಡುವೆ ಹತ್ತು ವರ್ಷ ಕಳೆದಿದ್ದರೂ ಆ ಮನುಷ್ಯ ಅಲ್ಲೇ ಇದ್ದ.

ಹಾಗಾದರೆ ಆ ಉಪದೇಶಿಯನ್ನೇ, ಅವನ ಮಗನನ್ನೇ ಗುರುವಾಗಿ ಮಾಡಬಾರದೆ? ಈ ಪ್ರಶ್ನೆ ರೋಮಿಗೂ ಹೊಳೆದಿತ್ತು. 1659ರಲ್ಲಿಯೇ ರೋಮಿನ ಮಿಷನ್ ಇಲಾಖೆ ಏಷ್ಯಾಕ್ಕೆ ಹೊರಟವರಿಗೆ ಸ್ಥಳೀಯ ಗುರುಗಳನ್ನು ತಯಾರು ಮಾಡುವುದೇ ಮುಖ್ಯ ಕೆಲಸ ಎಂದು ಬರೆದು ಕೊಟ್ಟಿತ್ತು. ಪ್ಯಾರಿಸ್ ವಿದೇಶಿ ಮಿಷನ್ ಸಂಘ ಹುಟ್ಟಿದ್ದೇ ಆ ಉದ್ದೇಶಕ್ಕೆ. 1844ರಲ್ಲಿ ಪಾಂಡಿಚೇರಿಯಲ್ಲಿ ನಡೆದ ಧರ್ಮಸಮ್ಮೇಳನ ಸ್ಥಳೀಯ ಗುರುಗಳ ತರಬೇತಿಗೆ ಒತ್ತು ಕೊಟ್ಟಿತು. ಮರುವರ್ಷ ನವೆಂಬರ್ 23ರಂದು ರೋಮ್ ಇನ್ನೂ ಸ್ಪಷ್ಟವಾದ ಆಜ್ಞೆ ಹೊರಡಿಸಿ, ಸ್ಥಳೀಯರನ್ನು ಸಹಾಯಕರ ಮಟ್ಟದಲ್ಲೇ ನಿಲ್ಲಿಸಬಾರದು, ಧರ್ಮಾಧ್ಯಕ್ಷರಾಗುವವರೆಗೂ ಬೆಳೆಸಬೇಕು ಎಂದಿತು. ಅದೇ ವೇಳೆಗೆ ಮೈಸೂರು ಪಾಂಡಿಚೇರಿಯಿಂದ ಬೇರ್ಪಟ್ಟು, ಎಟಿಯೆನ್ ಶಾರ್ಬೊನೊ ಅವರ ಕೈಗೆ ಬಂತು. 1850ರಲ್ಲಿ ಅದು ಸ್ವತಂತ್ರ ಮಿಷನ್ ಪ್ರಾಂತವಾಯಿತು, 1886ರಲ್ಲಿ ಪೂರ್ಣ ಧರ್ಮಕ್ಷೇತ್ರವಾಯಿತು.

ಆಜ್ಞೆ ಬಂದು ಎಷ್ಟು ಕಾಲಕ್ಕೆ ಮೈಸೂರಿಗೆ ಭಾರತೀಯ ಧರ್ಮಾಧ್ಯಕ್ಷರು ಬಂದರು? ನೂರಾ ಹದಿನೆಂಟು ವರ್ಷಕ್ಕೆ. ಶಾರ್ಬೊನೊ ನಂತರ ಶೆವಾಲಿಯೆ, ಕೊಆದು, ಕ್ಲೈನರ್, ಬಾಸ್ಲೆ, ತೆಸಿಯೆ, ದೆಪಾತ್ಯೂರ್, ಫ್ಯೂಗಾ, ಹೀಗೆ ಫ್ರೆಂಚ್ ಸಂಘದವರೇ ಸಾಲಾಗಿ ಬಂದರು. ಗುರುವಾಗಬೇಕಾದ ಹುಡುಗ ಲ್ಯಾಟಿನ್ ಕಲಿಯಬೇಕಿತ್ತು, ವರ್ಷಗಟ್ಟಲೆ ಗುರುಮಠದಲ್ಲಿ ಇರಬೇಕಿತ್ತು. ಹೊಲದಲ್ಲಿ ಕೈ ಕಡಿಮೆಯಾದರೆ ಉಣ್ಣಲಾಗದ ಮನೆಗಳಿಂದ ಅಂಥ ಹುಡುಗರು ಬರುವುದು ಸುಲಭವಿರಲಿಲ್ಲ. ಇದು ಒಂದು ಕಾರಣ. ಕೈಯಲ್ಲಿದ್ದ ಅಧಿಕಾರ ಬಿಟ್ಟುಕೊಡಲು ಮನಸ್ಸಾಗಲಿಲ್ಲ ಎನ್ನುವುದು ಇನ್ನೊಂದು. ಈ ಎರಡನೆಯ ಕಾರಣವನ್ನು ಮುಚ್ಚಿಟ್ಟು ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ. ಹಾಗೆಂದು ಆ ಫ್ರೆಂಚ್ ಗುರುಗಳ ದುಡಿಮೆ ಸಣ್ಣದಾಗುವುದಿಲ್ಲ. ಅವರಲ್ಲಿ ಅನೇಕರು ತಾಯ್ನಾಡಿಗೆ ಮರಳದೆ ಇಲ್ಲಿಯೇ ಮಣ್ಣಾದರು.

1923ರಲ್ಲಿ ತೂತ್ತುಕುಡಿಗೆ ತಿಬೂರ್ಷಿಯಸ್ ರೋಚ್ ಧರ್ಮಾಧ್ಯಕ್ಷರಾದಾಗ ಲ್ಯಾಟಿನ್ ಪಂಥದಲ್ಲಿ ಭಾರತೀಯರಿಗೆ ಬಾಗಿಲು ತೆರೆಯಿತು. 1940ರ ಫೆಬ್ರುವರಿಯಲ್ಲಿ ಬೆಂಗಳೂರು ಮೈಸೂರಿನಿಂದ ಬೇರೆಯಾಯಿತು, ಎರಡೇ ವರ್ಷಕ್ಕೆ ಅಲ್ಲಿಗೆ ಥಾಮಸ್ ಪೋತಕಮುರಿ ಬಂದರು. ಮೈಸೂರಿನಲ್ಲಿ ಮಾತ್ರ ರೆನೆ ಫ್ಯೂಗಾ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಸಂತ ಫಿಲೋಮಿನಾ ಮಹಾದೇವಾಲಯ ಅವರ ಆಸನವಾಗಿತ್ತು. ಅವರ ನಂತರ, 1963ರಲ್ಲಿ, ಕರಾವಳಿ ಮೂಲದ ಮಥಾಯಸ್ ಫೆರ್ನಾಂಡಿಸ್ ನೇಮಕವಾದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯನ್ನು ಜನರ ಮಾತಿನಲ್ಲಿ ನಡೆಸಲು ಅನುಮತಿ ಕೊಟ್ಟಿತು. ಬಲಿಪೂಜೆ ಕನ್ನಡಕ್ಕೆ ತಿರುಗಿದ್ದು ಆಮೇಲೆ. ಚಾಮರಾಜನಗರ ಸೀಮೆಯ ಒಬ್ಬ ಸಾಧಾರಣ ಭಕ್ತನಿಗೆ ಈ ಎರಡು ಬದಲಾವಣೆಗಳಲ್ಲಿ ಹೆಚ್ಚು ಮುಟ್ಟಿದ್ದು ಎರಡನೆಯದೇ ಇರಬೇಕು. ಧರ್ಮಾಧ್ಯಕ್ಷರು ವರ್ಷಕ್ಕೊಮ್ಮೆ ಕಾಣುತ್ತಾರೆ, ಬಲಿಪೂಜೆಯ ಮಾತು ವಾರ ವಾರ ಕಿವಿಗೆ ಬೀಳುತ್ತದೆ.

ಇನ್ನು ಪ್ರೊಟೆಸ್ಟಂಟರ ಕಥೆ. ಅದರ ನಡೆ ಬೇರೆ, ಮುಟ್ಟಿದ ಗಂಟು ಮಾತ್ರ ಅದೇ.

ಮೈಸೂರು ರಾಜ್ಯದಲ್ಲಿ ಬೇರೂರಿದ್ದು ವೆಸ್ಲಿಯನ್ ಮೆಥಡಿಸ್ಟ್ ಮಿಷನ್. 1821ರಲ್ಲಿ ಎಲೈಜಾ ಹೂಲ್ ಮತ್ತು ಜೇಮ್ಸ್ ಮೋವಟ್ ಬೆಂಗಳೂರಿಗೆ ಬಂದರು. ಕನ್ನಡಿಗರ ನಡುವಿನ ಕೆಲಸ 1830ರ ದಶಕದಲ್ಲಿ ಥಾಮಸ್ ಹಾಡ್ಸನ್ ಅವರಿಂದ ಬಲಗೊಂಡಿತು, ಗುಬ್ಬಿ ಅದರ ಹೆಸರಾದ ಕೇಂದ್ರವಾಯಿತು. ಮೆಥಡಿಸ್ಟರು ತಮ್ಮೊಂದಿಗೆ ಸರ್ಕಿಟ್ ಪದ್ಧತಿ ತಂದರು. ಹತ್ತಾರು ಹಳ್ಳಿಗಳು ಸೇರಿ ಒಂದು ಸರ್ಕಿಟ್, ಅದಕ್ಕೊಬ್ಬ ಪಾದ್ರಿ, ಕೆಲವು ವರ್ಷಕ್ಕೊಮ್ಮೆ ಆ ಪಾದ್ರಿಗೆ ವರ್ಗ. ಜಾನ್ ವೆಸ್ಲಿ 1784ರಲ್ಲಿ ಬರೆಸಿದ ದಸ್ತಾವೇಜು ಒಬ್ಬ ಬೋಧಕನನ್ನು ಒಂದೇ ಪ್ರಾರ್ಥನಾಲಯಕ್ಕೆ ಸತತ ಮೂರು ವರ್ಷಕ್ಕಿಂತ ಹೆಚ್ಚು ನೇಮಿಸಬಾರದು ಎಂದು ಕಟ್ಟು ಹಾಕಿತ್ತು. ಸಭೆ ಮನುಷ್ಯನೊಬ್ಬನ ಸ್ವತ್ತಾಗಬಾರದು ಎಂಬ ಎಚ್ಚರ ಅದರ ಹಿಂದೆ ಇತ್ತು. ಇಂದಿಗೂ ಹಳೆಯ ಮೈಸೂರಿನ ಸಿಎಸ್‌ಐ ಸಭೆಗಳು ಸಭಾಪಾಲಕರ ವರ್ಗಾವಣೆಯನ್ನು ಸಹಜವೆಂದು ಒಪ್ಪಿಕೊಳ್ಳುವುದರಲ್ಲಿ ಆ ಇನ್ನೂರು ವರ್ಷದ ಅಭ್ಯಾಸದ ಪಾಲಿದೆ. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಪಾದ್ರಿಗೆ ಊರಿನ ಮನೆಮನೆಯ ಕಷ್ಟ ತಿಳಿಯುವ ಹೊತ್ತಿಗೆ ಗಂಟುಮೂಟೆ ಕಟ್ಟುವ ಕಾಲ ಬರುತ್ತಿತ್ತು. ಇಲ್ಲಿಯೂ ನಡುವೆ ನಿಂತವನು ಉಪದೇಶಿ.

ಕನ್ನಡ ನಾಡಿನವರೇ ಒಬ್ಬರು ಪ್ರೊಟೆಸ್ಟಂಟ್ ಮಿಷನ್ನಿನಲ್ಲಿ ಪೂರ್ಣ ದೀಕ್ಷೆ ಪಡೆದ ಮೊದಲ ದೊಡ್ಡ ಪ್ರಸಂಗ ಮಂಗಳೂರಿನದು. ಅಲ್ಲಿಯ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದು ಹೆರ್ಮನ್ ಆನಂದರಾವ್ ಆದರು. ಊರಿನಲ್ಲಿ ಅದು ದೊಡ್ಡ ಕೋಲಾಹಲ ಎಬ್ಬಿಸಿತು. ಕರಾವಳಿಯಲ್ಲಿ ದುಡಿಯುತ್ತಿದ್ದ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ 1846ರಲ್ಲಿ ಅವರನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕರೆದೊಯ್ದರು. 1851ರಲ್ಲಿ ದೀಕ್ಷೆಯಾಗಿ, ಮಿಷನರಿಯ ಪೂರ್ಣ ಸ್ಥಾನದೊಂದಿಗೆ ಕೌಂಡಿನ್ಯ ಊರಿಗೆ ಮರಳಿದರು. ಮಂಗಳೂರಿನ ಗುರುಮಠದಲ್ಲಿ ಕಲಿಸಿದರು. ಕೊಡಗಿನಲ್ಲಿ ತೋಟದ ಕೂಲಿಗಳ ಸುತ್ತ ಬೆಳೆದ ಆನಂದಪುರಕ್ಕೆ ಅವರ ಹೆಸರೇ ಬಂತು. 1893ರಲ್ಲಿ ತೀರಿಕೊಂಡರು. ಆದರೆ ಬಾಸೆಲ್‌ನಲ್ಲಿ ಓದಿ ಬಂದ ಒಬ್ಬರಿಗೆ ಸಿಕ್ಕ ಸಮಾನತೆ ಇಲ್ಲಿಯೇ ಓದಿದ ಸ್ಥಳೀಯ ಸಭಾಪಾಲಕರಿಗೆ ಬಹುಕಾಲ ಸಿಗಲಿಲ್ಲ. ಹಳ್ಳಿ ಅವರ ಕೈಯಲ್ಲಿ, ಹಣ ಮತ್ತು ತೀರ್ಮಾನ ಯುರೋಪಿನವರ ಕೈಯಲ್ಲಿ.

ಆ ವ್ಯವಸ್ಥೆಯನ್ನು ಅಲುಗಾಡಿಸಿದ್ದು ಯುದ್ಧ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ನಂತರ ದೇಶದಿಂದ ಕಳಿಸಿತು. ಮಿಷನ್ ನಡೆಸುತ್ತಿದ್ದ ಹಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆಗಳೂ ಅದರ ಕೈಬಿಟ್ಟವು. ಎಂಬತ್ತು ವರ್ಷ ಮಿಷನರಿಗಳ ಮುಖ ನೋಡುತ್ತಿದ್ದ ಸಭೆಗಳು, ಯಾರೂ ಒಪ್ಪಿಸದೆಯೇ, ತಮ್ಮ ಹೊಣೆಯನ್ನು ತಾವೇ ಹೊರಬೇಕಾಯಿತು. ಆ ತಲೆಮಾರಿನ ಕನ್ನಡ ಸಭಾಪಾಲಕರಲ್ಲಿ ನಾಡಿಗೇ ಗೊತ್ತಾದ ಹೆಸರು ಉತ್ತಂಗಿ ಚನ್ನಪ್ಪನವರದು. ಸಭೆಯನ್ನು ನೋಡಿಕೊಳ್ಳುತ್ತಲೇ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸಭಾಪಾಲಕ ಎಂದರೆ ಹೊರಗಿನಿಂದ ಬಂದವನು ಎಂಬ ನೂರು ವರ್ಷದ ಚಿತ್ರವನ್ನು ಅಳಿಸಲು ಅವರ ಬದುಕು ಒಂದೇ ಸಾಕಿತ್ತು.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜ್ ಮಹಾದೇವಾಲಯದಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿತು. ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತು. ಅಂದು ಅಭಿಷಿಕ್ತರಾದ ಹೊಸ ಬಿಷಪರಲ್ಲಿ ಮೈಸೂರಿನ ಪಿ. ಗುರುಶಾಂತ ಒಬ್ಬರು. ಮೈಸೂರು ಸೀಮೆಯ ಪ್ರೊಟೆಸ್ಟಂಟ್ ಸಭೆಗಳ ಮೇಲ್ವಿಚಾರಣೆ ಮೊದಲ ಬಾರಿಗೆ ಈ ಮಣ್ಣಿನವರೊಬ್ಬರ ಕೈಗೆ ಬಂದದ್ದು ಅಂದು. ಕಥೋಲಿಕರಿಗಿಂತ 16 ವರ್ಷ ಮೊದಲು. ಆದರೆ ಕಥೆ ನೇರ ಗೆರೆಯಲ್ಲಿ ಸಾಗಲಿಲ್ಲ. ಗುರುಶಾಂತರ ಸೇವೆ ಕೆಲವೇ ವರ್ಷಕ್ಕೆ ಮುಗಿಯಿತು. 1951ರಲ್ಲಿ ಅವರ ಜಾಗಕ್ಕೆ ಬಂದವರು ಇಂಗ್ಲೆಂಡಿನ ಮೆಥಡಿಸ್ಟ್ ಮಿಷನರಿ ನಾರ್ಮನ್ ಸಾರ್ಜೆಂಟ್. ಅವರು ಸುಮಾರು ಇಪ್ಪತ್ತು ವರ್ಷ ಇದ್ದರು, ಕರ್ನಾಟಕದ ಸಭೆಗಳ ಚರಿತ್ರೆಯನ್ನು ಆಳವಾಗಿ ಓದಿ ಬರೆದರು. ಮಿಷನ್‌ಗಳಿಂದ ಸಭೆಯತ್ತ ಕರ್ನಾಟಕ ನಡೆದ ದಾರಿಯ ಬಗ್ಗೆ ಪುಸ್ತಕ ಬರೆದವರೂ ಅವರೇ. ಅವರ ಕಾಲ ಮುಗಿಯುವ ಹೊತ್ತಿಗೆ ಒಂದೇ ಆಗಿದ್ದ ಮೈಸೂರು ಸಭಾಪ್ರಾಂತ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಗಿ ಒಡೆಯಿತು. ಮೈಸೂರಿನ ಮೆಥಡಿಸ್ಟ್ ಪರಂಪರೆಯ ಸಭೆಗಳು ಕರಾವಳಿಯ ಬಾಸೆಲ್ ಮಿಷನ್ ಪರಂಪರೆಯ ಸಭೆಗಳೊಂದಿಗೆ ದಕ್ಷಿಣ ಸಭಾಪ್ರಾಂತಕ್ಕೆ ಸೇರಿದವು. ಚಾಮರಾಜನಗರ ಸೀಮೆಯ ಪಟ್ಟಿ ಮಂಗಳೂರಿನಿಂದ ಬರುವುದು ಈ ಕಾರಣಕ್ಕೆ.

ಗಡಿಗಳೂ ಇಲ್ಲಿ ಪಾತ್ರ ವಹಿಸಿವೆ. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಕಡೆಯ ಕ್ರೈಸ್ತರು ಒಂದು ಕಾಲಕ್ಕೆ ಕೊಯಮತ್ತೂರಿನ ಮಿಷನ್‌ಗಳತ್ತ ಮುಖ ಮಾಡಿದ್ದವರು. ಹನೂರಿನ ಆಚೆ ಮಾರ್ಟಳ್ಳಿಯಂಥ ಊರುಗಳ ಕಥೋಲಿಕರ ಮನೆಮಾತು ತಮಿಳು. ಸಂತೆಮರಹಳ್ಳಿ ಮೈಸೂರು ರಾಜ್ಯದ ಒಳಗಿತ್ತು, ಕೆಲವೇ ಮೈಲಿ ಆಚೆಗೆ ಬ್ರಿಟಿಷ್ ಸೀಮೆ. ಹೀಗಾಗಿ ಇಂದು ಒಂದೇ ಜಿಲ್ಲೆಯಾಗಿರುವ ಈ ನೆಲದಲ್ಲಿ ಒಬ್ಬ ಗುರುವಿನ ವರ್ಗಾವಣೆ ಎಂದರೆ ಭಾಷೆಯ ಬದಲಾವಣೆಯೂ ಆಗಬಹುದು. ಕನ್ನಡದಲ್ಲಿ ಪ್ರಸಂಗ ಮಾಡುತ್ತಿದ್ದವರು ತಮಿಳಿನಲ್ಲಿ ಪಾಪನಿವೇದನೆ ಕೇಳಬೇಕಾಗುತ್ತದೆ. ಗುರು ಜನರ ಮಾತು ಆಡಬೇಕು ಎಂಬ ಹಟ ಕರ್ನಾಟಕದ ಕಥೋಲಿಕರಲ್ಲಿ ದೊಡ್ಡ ಚಳವಳಿಯನ್ನೇ ಹುಟ್ಟುಹಾಕಿದೆ. ದಲಿತ ಕ್ರೈಸ್ತರು ಪೀಠದ ಕೆಳಗೆ ಎಷ್ಟು ಜನ, ಪೀಠದ ಮೇಲೆ ಎಷ್ಟು ಜನ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು. ಬಿಳಿಯರಿಂದ ಭಾರತೀಯರಿಗೆ ದಾಟಿದ ಮಾತ್ರಕ್ಕೆ ಹೊಣೆ ಎಲ್ಲರಿಗೂ ದಾಟಿದಂತಾಗಲಿಲ್ಲ.

ಈಚಿನ ದಶಕಗಳಲ್ಲಿ ಹೊಣೆ ಹೊರುವ ಹೆಗಲುಗಳೂ ಬದಲಾಗುತ್ತಿವೆ. ವ್ಯಾಟಿಕನ್ ಮಹಾಸಭೆಯ ನಂತರ ಕಥೋಲಿಕ ಧರ್ಮಕೇಂದ್ರಗಳಲ್ಲಿ ಪಾಲನಾ ಸಮಿತಿ, ಹಣಕಾಸು ಸಮಿತಿಗಳು ಬಂದವು. ಧರ್ಮಕೇಂದ್ರದ ಗುರು 75 ತುಂಬಿದಾಗ ರಾಜೀನಾಮೆ ಸಲ್ಲಿಸಬೇಕೆಂಬ ನಿಯಮ ಬಂತು. ಸಿಎಸ್‌ಐನಲ್ಲಿ ಸಭಾಪಾಲನಾ ಸಮಿತಿಯ ಸದಸ್ಯರನ್ನು ಜನರೇ ಆರಿಸುತ್ತಾರೆ, ಕಾಣಿಕೆಯ ಲೆಕ್ಕ ಸಭೆಯ ಮುಂದೆ ಬರುತ್ತದೆ. ಹಳೆಯ ಉಪದೇಶಿ ಮಾಡುತ್ತಿದ್ದ ಕೆಲಸದ ಬಹುಪಾಲು ಈಗ ಭಾನುವಾರ ಶಾಲೆಯ ಶಿಕ್ಷಕಿಯರು, ಕನ್ಯಾಸ್ತ್ರೀಯರು, ಸ್ತ್ರೀಯರ ಅನ್ಯೋನ್ಯ ಕೂಟದವರು ಹಂಚಿಕೊಂಡಿದ್ದಾರೆ. ಸಿಎಸ್‌ಐ 1970ರ ದಶಕದಲ್ಲಿ ಮಹಿಳೆಯರಿಗೆ ಸಭಾಪಾಲನಾ ದೀಕ್ಷೆ ಕೊಡಲು ಆರಂಭಿಸಿತು. 2013ರಲ್ಲಿ ಇ. ಪುಷ್ಪಲಲಿತಾ ಆಂಧ್ರದ ನಂದ್ಯಾಲಕ್ಕೆ ಬಿಷಪರಾದರು, ಆ ಸಭೆಯ ಮೊದಲ ಮಹಿಳಾ ಬಿಷಪ್. ಕರ್ನಾಟಕದಲ್ಲಿಯೂ ಮಹಿಳಾ ಸಭಾಪಾಲಕರಿದ್ದಾರೆ. ವರ್ಗಾವಣೆಯ ಪಟ್ಟಿಯಲ್ಲಿ ಗಂಡಸರ ಹೆಸರಿನ ಜೊತೆ ಅವರ ಹೆಸರೂ ಬರುತ್ತದೆ. ದಾಖಲೆ ಪುಸ್ತಕ, ಬೀಗದ ಕೈ, ಕಾಯಿಲೆಯವರ ಮನೆಗಳ ವಿವರ, ಅರ್ಧಕ್ಕೆ ನಿಂತ ಕಟ್ಟಡದ ಲೆಕ್ಕವನ್ನು ಹಿಂದಿನವರಿಂದ ಅವರೂ ಅದೇ ರೀತಿ ಎಣಿಸಿ ವಹಿಸಿಕೊಳ್ಳುತ್ತಾರೆ.